ಕಾಲು ಮೈಲಿಯ ಓಟದ ಎಂಜಿನು

ಮೋಟಾರು ಪಂದ್ಯಗಳಲ್ಲೆಲ್ಲ ಅತ್ಯಂತ ಸರಳವಾದುದು ಅಮೆರಿಕದ ‘ಡ್ರ್ಯಾಗ್’ ಓಟ. ನೆಟ್ಟಗಿನ ಒಂದು ಹಾದಿ. ಅದರ ಉದ್ದ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ದೀಪದ ಸನ್ನೆಯಾದೊಡನೆ ಎರಡೂ ಹೊರಡುತ್ತವೆ. ಗೆರೆಯನ್ನು ಮೊದಲು ದಾಟಿದುದಕ್ಕೆ ಗೆಲವು. ತಿರುವಿಲ್ಲ, ದಿಣ್ಣೆಯಿಲ್ಲ, ಎರಡನೆಯ ಸುತ್ತಿಲ್ಲ. ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ದೊರೆಯುವುದು ಕಷ್ಟ. ನಿಶ್ಚಲ ಸ್ಥಿತಿಯಿಂದ ಹೊರಟ ಒಂದು ರಾಶಿ, ಗೊತ್ತಾದ ಒಂದು ದೂರ, ಅಳೆಯಬೇಕಾದ ಒಂದು ಕಾಲ: ಇಷ್ಟೇ ಇಲ್ಲಿರುವುದು.

ಈ ಓಟವನ್ನು ಕ್ರಮಬದ್ಧಗೊಳಿಸುವ ಸಲುವಾಗಿ ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಅದರ ಮೊದಲನೆಯ ರಾಷ್ಟ್ರೀಯ ಪಂದ್ಯ 1955ರಲ್ಲಿ ಕ್ಯಾನ್ಸಸ್ ಪ್ರಾಂತದ ಗ್ರೇಟ್ ಬೆಂಡ್ ಎಂಬಲ್ಲಿ ನಡೆಯಿತು. ಅತಿವೇಗದ ಎರಡು ವರ್ಗಗಳಿಗೆ ಮಾತ್ರ 2008ರಲ್ಲಿ ಹಾದಿಯನ್ನು 1000 ಅಡಿಗೆ ಇಳಿಸಿದರು. ಕಾಲು ಮೈಲಿಯ ಓಟ ಇತರ ಹಲವು ವರ್ಗಗಳಲ್ಲಿ ಇಂದಿಗೂ ಉಳಿದುಬಂದಿದೆ.

ಮೊದಲ ಪಂದ್ಯ ನಡೆದ ಅದೇ 1955ರ ಮಾದರಿಯ ಷೆವ್ರೊಲೆ ಕಾರುಗಳಲ್ಲಿ ಹೊಸದೊಂದು ಎಂಜಿನು ಬಂದಿತು. ಎಂಟು ಸಿಲಿಂಡರುಗಳು, ನಾಲ್ಕು ನಾಲ್ಕರಂತೆ ಎರಡು ಸಾಲುಗಳಲ್ಲಿ ಇಕ್ಕಳದ ಬಾಯಿಯಂತೆ ಓರೆಯಾಗಿ ನಿಂತಿದ್ದವು. ಎಡ್ ಕೋಲ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಸಿದ್ಧವಾದ ಈ ಎಂಜಿನಿಗೆ ಮುಂದೆ ‘ಸ್ಮಾಲ್ ಬ್ಲಾಕ್’ ಎಂಬ ಹೆಸರು ನಿಂತಿತು. ಇಲ್ಲಿ ‘ಸ್ಮಾಲ್’ ಎಂಬುದು ಹೊರಮೈಯ ಅಳತೆಗೆ ಸಂಬಂಧಿಸಿದ ಮಾತು; ಶಕ್ತಿಗೆ ಸಂಬಂಧಿಸಿದುದಲ್ಲ. ಮೊದಲಿಗೆ ಅದರ ಗಾತ್ರ 265 ಘನ ಅಂಗುಲ. 1957ರಲ್ಲಿ 283, 1962ರಲ್ಲಿ 327, 1967ರಲ್ಲಿ 302 ಮತ್ತು 350, 1970ರಲ್ಲಿ 400, ಹೀಗೆ ಹಲವು ಗಾತ್ರಗಳು ಒಂದರ ಹಿಂದೊಂದು ಬಂದವು. ಆದರೆ ಅಕ್ಕಪಕ್ಕದ ಸಿಲಿಂಡರುಗಳ ನಡುಗೆರೆಗಳ ಅಂತರ 4.4 ಅಂಗುಲ ಎಂಬುದು ಇವುಗಳಲ್ಲಿ ಎಲ್ಲಿಯೂ ಬದಲಾಗಲಿಲ್ಲ. ಆದುದರಿಂದ ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸುವುದು ಬಹುಮಟ್ಟಿಗೆ ಸಾಧ್ಯವಾಯಿತು. ಪಂದ್ಯದವರಿಗೆ ಈ ಎಂಜಿನು ಪ್ರಿಯವಾಗಲು ಇದೂ ಒಂದು ಕಾರಣ.

ಸ್ಮಾಲ್ ಬ್ಲಾಕ್ ಎಂಬ ಹೆಸರಿನ ಹತ್ತು ಕೋಟಿಯನೆಯ ಎಂಜಿನನ್ನು ಕಾರ್ಖಾನೆಯವರು 2011ರಲ್ಲಿ ತಯಾರಿಸಿದರು. ಇಷ್ಟು ಹೇರಳವಾದ ವಸ್ತುವಿಗೆ ಬಿಡಿಭಾಗಗಳ ಬರವೆಲ್ಲಿ ಎಂದು ವಾಚಕರು ಕೇಳಬಹುದು. ಎಂಜಿನು ಹೇರಳ; ಓಟಕ್ಕೆ ಬೇಕಾದ ಭಾಗ ಹೇರಳವಲ್ಲ. 302ರ ಎಂಜಿನು ತಯಾರಾದುದು 1967ರಿಂದ 1969ರ ವರೆಗಿನ ಮೂರು ವರ್ಷಗಳ ಕಾರುಗಳಿಗೆ ಮಾತ್ರ. 400ರ ಅಗಲವಾದ ಬ್ಲಾಕು 1980ಕ್ಕೆ ನಿಂತುಹೋಯಿತು. ಉಳಿದವುಗಳಲ್ಲಿ ಎಷ್ಟೋ ತುಕ್ಕು ಹಿಡಿದವು, ಬಿರುಕು ಬಿಟ್ಟವು, ಕೊರೆದು ಕೊರೆದು ತೆಳುವಾದವು. ಪಂದ್ಯದ ಕೆಲವು ವರ್ಗಗಳಲ್ಲಿ ಕಾರ್ಖಾನೆಯ ಮೂಲ ಎರಕದ ಭಾಗಗಳನ್ನೇ ಬಳಸಬೇಕೆಂಬ ನಿಯಮವೂ ಉಂಟು. ಇತರ ವರ್ಗಗಳಲ್ಲಿ ಹೊಸದಾಗಿ ಬಡಿದು ಮಾಡಿದ ಉಕ್ಕಿನ ಭಾಗಗಳನ್ನು ಹಾಕಬಹುದು. ಆದರೆ ಅವುಗಳ ಬೆಲೆ ಎಂಜಿನಿನ ಮೂಲ ಬೆಲೆಯನ್ನೇ ಮೀರುವುದುಂಟು.

ಹೀಗಿರುವಲ್ಲಿ ಮಿತವಾದ ಹಣವುಳ್ಳ ಕುಶಲಿಯ ಮುಂದಿರುವ ಪ್ರಶ್ನೆ ಇದು: ಯಾವ ಭಾಗಕ್ಕೆ ಹಣ ಸುರಿಯಬೇಕು? ಯಾವುದನ್ನು ಹಳೆಯದರಲ್ಲೇ ನಿಭಾಯಿಸಬಹುದು? ತಪ್ಪಿದರೆ ನಷ್ಟ ಚಿಕ್ಕದಲ್ಲ. ಒಂದು ಬೋಲ್ಟು ಮುರಿದರೆ ಮತ್ತೆಲ್ಲಿಯೂ ದೊರಕದ ಬ್ಲಾಕು ತೂತಾಗುತ್ತದೆ. ಚೆಲ್ಲಿದ ಎಣ್ಣೆಯ ಮೇಲೆ ಕಾರಿನ ಹಿಂದಿನ ಗಾಲಿಗಳು ಜಾರಿ ಚಾಲಕನ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ಪ್ರಶ್ನೆಗೆ ಉತ್ತರ ಕೊಡಲು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರ ಸಾಕು. ಹೇಗೆಂಬುದನ್ನು ನೋಡೋಣ.

ಓಟದ ಲೆಕ್ಕ

ಎಂಜಿನಿನ ಸಾಮರ್ಥ್ಯ ಹಾದಿಯುದ್ದಕ್ಕೂ ಒಂದೇ ಸಮನಾಗಿ ದೊರೆಯುತ್ತದೆಂದು ಭಾವಿಸೋಣ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಬರುವುದು ಕಾರು ಪಡೆದ ಚಲನಶಕ್ತಿ. ಅದು ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಇಂತಹ ಓಟದಲ್ಲಿ ಕ್ರಮಿಸಿದ ದೂರವು ಕೊನೆಯ ವೇಗ ಮತ್ತು ಕಾಲಗಳ ಗುಣಲಬ್ಧದ ಮೂರನೆಯ ಎರಡು ಪಾಲು ಎಂದು ಕಲನಶಾಸ್ತ್ರದಿಂದ ತೋರಿಸಬಹುದು. ಎರಡನ್ನೂ ಕೂಡಿಸಿದರೆ ದೊರೆಯುವ ಫಲ: ಕೊನೆಯ ವೇಗದ ಘನವು, ಸಾಮರ್ಥ್ಯ ಮತ್ತು ದೂರಗಳ ಗುಣಲಬ್ಧದ ಮೂರರಷ್ಟನ್ನು ರಾಶಿಯಿಂದ ಭಾಗಿಸಿದಷ್ಟಾಗುತ್ತದೆ.

1200 ಕಿಲೊಗ್ರಾಮಿನ ಕಾರಿಗೆ 300 ಕಿಲೊವ್ಯಾಟ್ (ಸುಮಾರು 400 ಅಶ್ವಶಕ್ತಿ) ಇದ್ದರೆ ಗೆರೆಯ ಬಳಿ ಅದರ ವೇಗ ಸೆಕೆಂಡಿಗೆ 67 ಮೀಟರು, ಎಂದರೆ ಗಂಟೆಗೆ 241 ಕಿಲೊಮೀಟರು ಆಗಬೇಕು. ಟಯರುಗಳ ಜಾರಿಕೆ, ಗಾಳಿಯ ತಡೆ, ಗೇರುಗಳ ಘರ್ಷಣೆ ಇವುಗಳಿಂದಾಗಿ ಇಂತಹ ಕಾರು ವಾಸ್ತವವಾಗಿ ಮುಟ್ಟುವುದು 200ರ ಆಸುಪಾಸನ್ನು. ಆದರೂ ಘನಮೂಲದ ನಿಯಮ ಹೆಚ್ಚು ಕಡಮೆ ಹಾಗೆಯೇ ನಿಲ್ಲುತ್ತದೆ. ಈ ಘನಮೂಲವೇ ಮಿತವ್ಯಯದ ಮೊದಲನೆಯ ಪಾಠ. ಸಾಮರ್ಥ್ಯವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ವೇಗ ಹೆಚ್ಚುವುದು ನೂರಕ್ಕೆ ಮೂರರಷ್ಟು ಮಾತ್ರ. ಅದೇ ಸೂತ್ರದಲ್ಲಿ ರಾಶಿಯೂ ಇದೆಯಷ್ಟೆ. ಕಾರಿನಿಂದ 60 ಕಿಲೊಗ್ರಾಮು ಕಳೆದರೆ ಸುಮಾರು 16 ಕಿಲೊವ್ಯಾಟ್, ಎಂದರೆ 21 ಅಶ್ವಶಕ್ತಿಯನ್ನು ಗಳಿಸಿದಂತೆ. ಬೇಡದ ಪೀಠವನ್ನು ಬಿಚ್ಚಿಡುವುದಕ್ಕೆ ಅಪೂರ್ವವಾದ ಭಾಗವೇನೂ ಬೇಕಾಗಿಲ್ಲ.

ಎಂಜಿನೂ ಒಂದು ಗಾಳಿಯಂತ್ರ

ಎಂಜಿನಿನ ಸಾಮರ್ಥ್ಯ ಎಲ್ಲಿಂದ ಬರುತ್ತದೆ? ಪೆಟ್ರೋಲಿನಿಂದ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಅದನ್ನು ಉರಿಸಲು ಸಾಕಷ್ಟು ಗಾಳಿಯನ್ನು ಒಳಗೆ ತರುವುದೇ ಕಷ್ಟದ ಕೆಲಸ. ಒಂದು ಗ್ರಾಮು ಪೆಟ್ರೋಲಿಗೆ ಸುಮಾರು ಹನ್ನೆರಡೂವರೆ ಗ್ರಾಮು ಗಾಳಿ ಬೇಕು.

350 ಘನ ಅಂಗುಲವೆಂದರೆ 5.74 ಲೀಟರು. ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೆ ಒಂದು ಸಲ ಇಷ್ಟು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ನಿಮಿಷಕ್ಕೆ 7000 ಸುತ್ತುಗಳಾದರೆ ಸೆಕೆಂಡಿಗೆ ಸುಮಾರು 335 ಲೀಟರು, ತೂಕದಲ್ಲಿ ಸುಮಾರು 400 ಗ್ರಾಮು ಗಾಳಿಯಾಯಿತು. ಅದಕ್ಕೆ ತಕ್ಕ ಪೆಟ್ರೋಲು 32 ಗ್ರಾಮು. ಅದರಲ್ಲಿ ಅಡಗಿರುವ ಶಕ್ತಿ ಸೆಕೆಂಡಿಗೆ ಸುಮಾರು 1400 ಕಿಲೊಜೌಲು. ಅದರಲ್ಲಿ ನೂರಕ್ಕೆ 28ರಷ್ಟು ಮಾತ್ರ ದಂಡಕ್ಕೆ ದಕ್ಕಿತೆಂದರೂ ಸುಮಾರು 390 ಕಿಲೊವ್ಯಾಟ್, ಎಂದರೆ 520 ಅಶ್ವಶಕ್ತಿಯಾಗುತ್ತದೆ. ಉಳಿದುದು ಹೊಗೆಯ ಕೊಳವೆಗೂ ತಂಪಿನ ನೀರಿಗೂ ಘರ್ಷಣೆಗೂ ಹೋಗುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಗಾತ್ರವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಗಾಳಿಯ ಲೆಕ್ಕ. ಅದೇ ಗಾಳಿಯನ್ನು ದೊಡ್ಡ ಎಂಜಿನನ್ನು ನಿಧಾನವಾಗಿ ತಿರುಗಿಸಿ ಪಡೆಯಬಹುದು. ಚಿಕ್ಕ ಎಂಜಿನನ್ನು ಬೇಗ ತಿರುಗಿಸಿಯೂ ಪಡೆಯಬಹುದು. ಸಾಮರ್ಥ್ಯದಲ್ಲಿ ಎರಡೂ ಹೆಚ್ಚು ಕಡಮೆ ಸಮ. ಭಾಗಗಳ ಮೇಲೆ ಬೀಳುವ ಬಲದಲ್ಲಿ ಮಾತ್ರ ಅವು ಸಮವಲ್ಲ.

ಪಿಸ್ಟನಿನ ಪ್ರಯಾಣ

ಪಿಸ್ಟನು ಸಿಲಿಂಡರಿನಲ್ಲಿ ಮೇಲಕ್ಕೆ ಏರಿ, ಕ್ಷಣಕಾಲ ನಿಂತು, ಕೆಳಕ್ಕೆ ಇಳಿಯುತ್ತದೆ. ಮೇಲ್ತುದಿಯಲ್ಲಿ ಅದನ್ನು ನಿಲ್ಲಿಸಿ ಹಿಂದಕ್ಕೆ ಎಳೆಯುವುದು ಕನೆಕ್ಟಿಂಗ್ ರಾಡಿನ ಕೆಲಸ. ಅಲ್ಲಿ ಪಿಸ್ಟನಿನ ವೇಗೋತ್ಕರ್ಷ ಎಷ್ಟು? ಕ್ರ್ಯಾಂಕಿನ ತ್ರಿಜ್ಯವನ್ನು ಕೋನವೇಗದ ವರ್ಗದಿಂದ ಗುಣಿಸಬೇಕು. ಬಂದುದನ್ನು, ತ್ರಿಜ್ಯವನ್ನು ರಾಡಿನ ಉದ್ದದಿಂದ ಭಾಗಿಸಿ ಒಂದನ್ನು ಕೂಡಿಸಿದ ಸಂಖ್ಯೆಯಿಂದ ಮತ್ತೆ ಗುಣಿಸಬೇಕು. 350ರ ಎಂಜಿನಿನಲ್ಲಿ ಹೊಡೆತದ ಉದ್ದ 88.4 ಮಿಲಿಮೀಟರು, ಕ್ರ್ಯಾಂಕಿನ ತ್ರಿಜ್ಯ ಅದರ ಅರ್ಧ, 44.2. ರಾಡಿನ ಉದ್ದ 144.8. ಸುತ್ತು 7000 ಆದಾಗ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 31,000 ಮೀಟರು. ಇದು ಗುರುತ್ವದ ಮೂರು ಸಾವಿರ ಪಟ್ಟನ್ನೂ ಮೀರಿದುದು!

ಪಿಸ್ಟನು, ಅದರ ಪಿನ್ನು, ಉಂಗುರಗಳು, ರಾಡಿನ ಮೇಲ್ತುದಿ ಇವೆಲ್ಲ ಸೇರಿ 0.9 ಕಿಲೊಗ್ರಾಮು ಎಂದಿಟ್ಟುಕೊಳ್ಳೋಣ. ಅದನ್ನು ತಡೆದು ತಿರುಗಿಸಲು ಬೇಕಾದ ಬಲ 27,900 ನ್ಯೂಟನ್, ಸುಮಾರು 2.8 ಟನ್ನಿನ ತೂಕಕ್ಕೆ ಸಮ. ಸುತ್ತು 5000 ಇದ್ದಾಗ ಇದೇ ಬಲ ಒಂದೂವರೆ ಟನ್ನಿಗೂ ಕಡಮೆ. 8000ಕ್ಕೆ ಏರಿದರೆ 3.7 ಟನ್ನು. ಸುತ್ತು ಹೆಚ್ಚಿದಂತೆ ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬಲವಾದರೋ ಅದರ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಇಡೀ ಲೇಖನದ ತಿರುಳು ಈ ಒಂದು ವಾಕ್ಯದಲ್ಲಿದೆ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. ರಾಡು ಮುರಿಯುವುದು ಪೆಟ್ರೋಲು ಸಿಡಿದಾಗ ಎಂದು ಅನೇಕರು ತಿಳಿಯುತ್ತಾರೆ. ಸಿಡಿತದ ಒತ್ತಡ ಪಿಸ್ಟನಿನ ಮೇಲೆ ಆರು ಟನ್ನಿಗೂ ಮೀರಿದ ಬಲವನ್ನು ಹೇರಬಹುದೆಂಬುದು ನಿಜ. ಆದರೆ ಅದು ರಾಡನ್ನು ಅದುಮುವ ಬಲ. ಕಂಬವು ಛಾವಣಿಯನ್ನು ಹೊರುವಂತೆ ರಾಡು ಅದನ್ನು ಹೊರುತ್ತದೆ. ಅಪಾಯವಿರುವುದು ಹೊಗೆಯನ್ನು ಹೊರದೂಡುವ ಹೊಡೆತದ ಕೊನೆಯಲ್ಲಿ. ಆಗ ಕವಾಟಗಳು ತೆರೆದಿರುತ್ತವೆ. ಪಿಸ್ಟನನ್ನು ಮೇಲಿನಿಂದ ತಡೆಯುವ ಒತ್ತಡವಿರುವುದಿಲ್ಲ. ಅದರ ಜಡತ್ವವೆಲ್ಲ ರಾಡನ್ನು ಎಳೆಯುತ್ತದೆ. ಆ ಎಳೆತವನ್ನು ಕೊನೆಗೆ ತಾಳಿಕೊಳ್ಳಬೇಕಾದುದು ರಾಡಿನ ಕೆಳತುದಿಯ ಮುಚ್ಚಳವನ್ನು ಬಿಗಿದ ಎರಡು ಬೋಲ್ಟುಗಳು. ನಿಮಿಷಕ್ಕೆ 3500 ಸಲ ಈ ಎಳೆತ ಮರುಕಳಿಸುತ್ತದೆ.

ಕವಣೆಯ ಪಾಠ

ಈಗ ಮೂರು ಎಂಜಿನುಗಳನ್ನು ಹೋಲಿಸೋಣ. ಮೂರರಲ್ಲಿಯೂ ರಾಡಿನ ಉದ್ದ ಒಂದೇ. ಸಿಲಿಂಡರಿನ ವ್ಯಾಸ ಹೆಚ್ಚು ಕಡಮೆ ಒಂದೇ, ಸುಮಾರು 102 ಮಿಲಿಮೀಟರು. ಹೊಡೆತದ ಉದ್ದ ಮಾತ್ರ ಬೇರೆ ಬೇರೆ. ಒಂದೇ ಪ್ರಮಾಣದ ಗಾಳಿಯನ್ನು ಸೆಳೆಯುವಂತೆ ಮೂರಕ್ಕೂ ಸುತ್ತುಗಳನ್ನು ಆರಿಸಿಕೊಂಡರೆ ಬರುವ ಲೆಕ್ಕ ಹೀಗಿದೆ:

302: ಹೊಡೆತ 76.2 ಮಿಲಿಮೀಟರು, ಸುತ್ತು 8000, ವೇಗೋತ್ಕರ್ಷ 33,800.
350: ಹೊಡೆತ 88.4 ಮಿಲಿಮೀಟರು, ಸುತ್ತು 7000, ವೇಗೋತ್ಕರ್ಷ 31,000.
383: ಹೊಡೆತ 95.3 ಮಿಲಿಮೀಟರು, ಸುತ್ತು 6400, ವೇಗೋತ್ಕರ್ಷ 28,400.

ಮೂರರಲ್ಲಿಯೂ ಪಿಸ್ಟನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರಿಗೆ ತುಸು ಮೇಲೆ. ಇದು ಆಕಸ್ಮಿಕವಲ್ಲ. ವ್ಯಾಸ ಒಂದೇ ಆದರೆ, ಒಂದೇ ಗಾಳಿಯನ್ನು ಸೆಳೆಯಲು ಪಿಸ್ಟನು ಒಂದೇ ವೇಗದಲ್ಲಿ ಓಡಲೇಬೇಕು. ಹಾಗಾದರೆ ಬಲದಲ್ಲಿ ವ್ಯತ್ಯಾಸವೇಕೆ? ಹಕ್ಕಿ ಕಾಯುವವನ ಕವಣೆಯನ್ನು ನೆನೆಯಿರಿ. ಕಲ್ಲನ್ನು ಒಂದೇ ವೇಗದಲ್ಲಿ ಬೀಸುವಾಗ ಹಗ್ಗ ಗಿಡ್ಡವಾದಷ್ಟೂ ಕೈಗೆ ಎಳೆತ ಹೆಚ್ಚು. ಹಗ್ಗ ಉದ್ದವಾದಷ್ಟೂ ಕಡಮೆ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಬೇಕೆಂಬ ವೃತ್ತಚಲನೆಯ ನಿಯಮವೇ ಕವಣೆಯಲ್ಲಿಯೂ ಇದೆ, ಕ್ರ್ಯಾಂಕಿನಲ್ಲಿಯೂ ಇದೆ. ಉದ್ದನೆಯ ಹೊಡೆತ ಎಂದರೆ ಉದ್ದನೆಯ ಕವಣೆ ಹಗ್ಗ.

ಆದುದರಿಂದ ಅಪೂರ್ವವಾದ 302ರ ಕ್ರ್ಯಾಂಕಿಗಾಗಿ ಹುಡುಕಾಡಿ ಹಣ ತೆರುವವನು, ಹೆಚ್ಚು ಬಲ ಬೀಳುವ ಎಂಜಿನಿಗೆ ಹೆಚ್ಚು ಬೆಲೆ ಕೊಟ್ಟಂತಾಗುತ್ತದೆ. 383 ಕಾರ್ಖಾನೆಯ ಮೂಲ ಗಾತ್ರಗಳಲ್ಲಿ ಒಂದಲ್ಲ. ಕುಶಲಿಗಳು ತಾವೇ ಕೂಡಿಸಿಕೊಂಡದ್ದು. ಎಲ್ಲೆಡೆ ದೊರೆಯುವ 350ರ ಬ್ಲಾಕನ್ನು ಅಂಗುಲದ ಸಾವಿರದ 30 ಪಾಲಿನಷ್ಟು ಅಗಲಿಸಿ, 400ರ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳ ಭಾಗವನ್ನು 2.65 ಅಂಗುಲದಿಂದ 2.45ಕ್ಕೆ ಉಜ್ಜಿ ಅದರಲ್ಲಿ ಕೂರಿಸಿದರು. ಇಂದು ಅದೇ ಹೊಡೆತದ ಕ್ರ್ಯಾಂಕುಗಳನ್ನು 350ರ ಬ್ಲಾಕಿಗೆ ನೇರವಾಗಿ ಹೊಂದುವಂತೆಯೇ ತಯಾರಿಸುತ್ತಾರೆ. ಇದರಲ್ಲಿಯೂ ತೊಡಕುಗಳಿಲ್ಲದೆ ಇಲ್ಲ. ಉದ್ದನೆಯ ಹೊಡೆತದಲ್ಲಿ ರಾಡಿನ ಬೋಲ್ಟುಗಳು ಬ್ಲಾಕಿನ ಅಂಚಿಗೆ ತಗಲುತ್ತವೆ. ಅಲ್ಲಲ್ಲಿ ಅರೆದು ಜಾಗ ಬಿಡಿಸಬೇಕು. ಕಡಮೆ ಸುತ್ತಿನಲ್ಲಿ ಅದೇ ಸಾಮರ್ಥ್ಯವನ್ನು ಪಡೆದರೆ ತಿರುಚುಬಲ ಕಾಲು ಭಾಗ ಹೆಚ್ಚುವುದರಿಂದ ಕ್ಲಚ್ಚೂ ಗೇರುಗಳೂ ಗಟ್ಟಿಯಾಗಿರಬೇಕು.

ಹಾಗಾದರೆ ಚಿಕ್ಕ ಹೊಡೆತದ ಎಂಜಿನುಗಳನ್ನು ಜಾಣರು ಏಕೆ ಕಟ್ಟಿದರು? ಉತ್ತರ ಪಂದ್ಯದ ನಿಯಮಗಳಲ್ಲಿದೆ. 302 ಹುಟ್ಟಿದುದೇ ಐದು ಲೀಟರಿನ ಮಿತಿಯಿದ್ದ ಟ್ರಾನ್ಸ್-ಆ್ಯಮ್ ಎಂಬ ಬೇರೊಂದು ಬಗೆಯ ಪಂದ್ಯಕ್ಕಾಗಿ. ಡ್ರ್ಯಾಗ್ ಓಟದ ಪ್ರೊ ಸ್ಟಾಕ್ ವರ್ಗದಲ್ಲಿ 1972ರಲ್ಲಿ ಕಾರಿನ ಕನಿಷ್ಠ ತೂಕವನ್ನು ಎಂಜಿನಿನ ಪ್ರತಿ ಘನ ಅಂಗುಲಕ್ಕೆ ಇಷ್ಟು ಎಂದು ನಿಗದಿಮಾಡಿದರು. ಗಾತ್ರ ಕಡಮೆಯಾದರೆ ಕಾರನ್ನು ಹಗುರ ಮಾಡಬಹುದು. ಘನಮೂಲದ ಸೂತ್ರದಲ್ಲಿ ರಾಶಿ ಇಳಿಯುತ್ತದೆ. ಬಿಲ್ ಜೆಂಕಿನ್ಸ್ ಎಂಬ ಹೆಸರಾಂತ ಎಂಜಿನು ಕುಶಲಿ ಚಿಕ್ಕದಾದ ವೇಗಾ ಕಾರಿನಲ್ಲಿ 331 ಘನ ಅಂಗುಲದ ಸ್ಮಾಲ್ ಬ್ಲಾಕನ್ನು ಕೂರಿಸಿ, ಆ ವರ್ಷ ಕ್ಯಾಲಿಫೋರ್ನಿಯದ ಪೊಮೋನದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್ ಪಂದ್ಯದಲ್ಲಿ ದೊಡ್ಡ ಎಂಜಿನುಗಳ ಎದುರಾಳಿಗಳನ್ನು ಸೋಲಿಸಿದನು. ನಿಯಮವು ಗಾತ್ರಕ್ಕೆ ದಂಡ ಹಾಕುವಲ್ಲಿ ಸುತ್ತುಗಳನ್ನು ಹೆಚ್ಚಿಸುವುದು ಜಾಣತನ. ಅಂತಹ ನಿಯಮವಿಲ್ಲದಲ್ಲಿ ಅದು ದುಂದುಗಾರಿಕೆ.

ಬೋಲ್ಟು, ಸ್ಪ್ರಿಂಗು

ಬಲವು ವರ್ಗದ ಪ್ರಮಾಣದಲ್ಲಿ ಏರುವ ಭಾಗಗಳು ಯಾವುವೋ ಅವುಗಳಿಗೆ ಹಣದಲ್ಲಿ ಮೊದಲ ಪಾಲು. ಪಿಸ್ಟನು, ರಾಡು, ರಾಡಿನ ಬೋಲ್ಟು, ಕವಾಟದ ಸ್ಪ್ರಿಂಗು: ಇವೇ ಆ ಭಾಗಗಳು. ಎಣ್ಣೆಯ ತೊಟ್ಟಿ, ಮುಚ್ಚಳಗಳು, ನೀರಿನ ಪಂಪು ಮುಂತಾದವನ್ನು ಗುಜರಿಯಿಂದ ತಂದರೂ ದೋಷವಿಲ್ಲ. ಹೊಳೆಯುವ ಮುಚ್ಚಳದಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ.

ಬೋಲ್ಟಿನ ವಿಷಯದಲ್ಲಿ ಒಳ್ಳೆಯದನ್ನು ಕೊಂಡರಷ್ಟೇ ಸಾಲದು. ಬಿಗಿಯುವ ಕ್ರಮವನ್ನೂ ಅರಿತಿರಬೇಕು. ಬೋಲ್ಟು ಒಂದು ಬಿರುಸಾದ ಸ್ಪ್ರಿಂಗು. ಬಿಗಿದಾಗ ಅದು ತುಸು ಹಿಗ್ಗಿ, ರಾಡನ್ನೂ ಮುಚ್ಚಳವನ್ನೂ ಟನ್ನುಗಟ್ಟಲೆ ಬಲದಿಂದ ಒಂದಕ್ಕೊಂದು ಅದುಮುತ್ತದೆ. ಈ ಮುಂಬಿಗಿತ ಪಿಸ್ಟನಿನ ಎಳೆತಕ್ಕಿಂತ ಹೆಚ್ಚಾಗಿರುವ ತನಕ ಎಳೆತದ ಏರಿಳಿತದಲ್ಲಿ ಅತ್ಯಲ್ಪ ಪಾಲು ಮಾತ್ರ ಬೋಲ್ಟಿಗೆ ತಟ್ಟುತ್ತದೆ. ಮುಂಬಿಗಿತ ಕಡಮೆಯಾದರೆ ಪ್ರತಿಸಲವೂ ಮುಚ್ಚಳ ಸಡಿಲಗೊಂಡು ಬೋಲ್ಟು ಹಿಗ್ಗಿ ಕುಗ್ಗಿ ದಣಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಮಣಿಸಿದಾಗ ತುಂಡಾಗುವಂತೆ ಒಂದು ದಿನ ತುಂಡಾಗುತ್ತದೆ.

ಆದರೆ ಸ್ಪ್ಯಾನರಿನಿಂದ ತಿರುಗಿಸುವಾಗ ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದುದೆಲ್ಲ ತಿರುಪಿನ ಎಳೆಗಳಲ್ಲಿಯೂ ತಲೆಯ ಕೆಳಗೂ ಘರ್ಷಣೆಗೆ ಹೋಗುತ್ತದೆ. ಎಣ್ಣೆ ಬದಲಾದರೆ ಘರ್ಷಣೆ ಬದಲಾಗುತ್ತದೆ, ಬಿಗಿತವೂ ಬದಲಾಗುತ್ತದೆ. ಆದುದರಿಂದ ಬಲ್ಲವರು ತಿರುಚುಬಲವನ್ನು ನಂಬದೆ ಹಿಗ್ಗಿದ ಉದ್ದವನ್ನೇ ಅಳೆಯುತ್ತಾರೆ. ಬಿಗಿಯುವ ಮುನ್ನ ಒಂದು ಅಳತೆ, ಬಿಗಿದ ಮೇಲೆ ಒಂದು ಅಳತೆ. ವ್ಯತ್ಯಾಸ ಸುಮಾರು 0.15 ಮಿಲಿಮೀಟರಿನ ಆಸುಪಾಸಿನಲ್ಲಿ, ಬೋಲ್ಟನ್ನು ತಯಾರಿಸಿದವರು ಹೇಳಿದಷ್ಟು ಇರಬೇಕು. ಹುಕ್ಕನ ನಿಯಮ ಉಳಿದುದನ್ನು ನೋಡಿಕೊಳ್ಳುತ್ತದೆ. ಬಿಚ್ಚಿದಾಗ ಬೋಲ್ಟು ಮೊದಲಿನ ಉದ್ದಕ್ಕೆ ಮರಳದೆ 0.025 ಮಿಲಿಮೀಟರಿನಷ್ಟು ಉದ್ದವಾಗಿಯೇ ಉಳಿದರೂ ಅದು ಸ್ಥಿತಿಸ್ಥಾಪಕತ್ವದ ಮಿತಿಯನ್ನು ದಾಟಿದೆಯೆಂದು ತಿಳಿದು ಬಿಸುಟುಬಿಡಬೇಕು.

ಕವಾಟದ ಸ್ಪ್ರಿಂಗಿನ ಕಥೆಯೂ ಇದೇ. ಕ್ಯಾಮು ಕವಾಟವನ್ನು ತಳ್ಳುತ್ತದೆ. ಅದನ್ನು ತಡೆದು ಕ್ಯಾಮಿನ ಮೈಗೇ ಒತ್ತಿ ಹಿಂದಕ್ಕೆ ತರುವುದು ಸ್ಪ್ರಿಂಗು. 6400 ಸುತ್ತಿಗೆ ಸಾಕಾದ ಸ್ಪ್ರಿಂಗಿನ ಬಲ, ಅದೇ ಕ್ಯಾಮಿಗೆ 8000 ಸುತ್ತಿನಲ್ಲಿ ನೂರಕ್ಕೆ 56ರಷ್ಟು ಹೆಚ್ಚಬೇಕು, ಏಕೆಂದರೆ 1.25ರ ವರ್ಗ 1.56. ಸ್ಪ್ರಿಂಗು ಸೋತರೆ ಕವಾಟ ಕ್ಯಾಮಿನ ಹಿಡಿತ ತಪ್ಪಿ ತೆರೆದೇ ನಿಲ್ಲುತ್ತದೆ. ಮೇಲೇರುವ ಪಿಸ್ಟನು ಅದನ್ನು ಬಡಿಯುತ್ತದೆ. ಶಾಖದಿಂದ ಸ್ಪ್ರಿಂಗು ಕ್ರಮೇಣ ಕಸುವು ಕಳೆದುಕೊಳ್ಳುವುದರಿಂದ ಆಗಾಗ ಅದನ್ನು ಅದುಮಿ ಬಲವನ್ನು ಅಳೆದು, ಕುಂದಿದ್ದರೆ ಹೊಸದನ್ನು ಹಾಕುವುದು ವಾಡಿಕೆ.

ಹಳೆಯ ಭಾಗದ ಪರೀಕ್ಷೆ

ಹೊಸದನ್ನು ಕೊಳ್ಳಲಾಗದಿದ್ದಾಗ ಹಳೆಯದನ್ನು ಪರೀಕ್ಷಿಸಿ ಆರಿಸಿಕೊಳ್ಳಬೇಕು. ಉಕ್ಕಿನ ಕ್ರ್ಯಾಂಕನ್ನು ಕಾಂತವನ್ನಾಗಿ ಮಾಡಿ ಅದರ ಮೇಲೆ ನುಣ್ಣನೆಯ ಕಬ್ಬಿಣದ ಪುಡಿಯನ್ನು ಹರಡುತ್ತಾರೆ. ಬಿರುಕಿರುವೆಡೆ ಕಾಂತರೇಖೆಗಳು ಹೊರಕ್ಕೆ ಸೋರುವುದರಿಂದ ಪುಡಿ ಅಲ್ಲಿ ಗೆರೆಗಟ್ಟಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಬಿರುಕು ಹೀಗೆ ಬಯಲಾಗುತ್ತದೆ. ಅಲ್ಯೂಮಿನಿಯಂ ಕಾಂತಕ್ಕೆ ಒಲಿಯದು. ಅದಕ್ಕೆ ಬಣ್ಣದ ತೆಳುದ್ರವವನ್ನು ಬಳಿದು ಒರೆಸಿ, ಬಿರುಕಿನಿಂದ ಮತ್ತೆ ಜಿನುಗುವ ಬಣ್ಣವನ್ನು ನೋಡುತ್ತಾರೆ.

ಬ್ಲಾಕಿನ ಗೋಡೆಯ ದಪ್ಪವನ್ನು ಶಬ್ದದಿಂದ ಅಳೆಯುತ್ತಾರೆ. ಎರಕಹೊಯ್ಯುವಾಗ ಒಳಗಿನ ಅಚ್ಚು ತುಸು ಸರಿದರೆ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವು ಆಗುತ್ತದೆ. ಅರಿಯದೆ ಕೊರೆದರೆ ನೀರಿನ ಪೊಳ್ಳಿಗೆ ತೂತು ಬೀಳುತ್ತದೆ. ಎರಕದ ಕಬ್ಬಿಣದಲ್ಲಿ ಶಬ್ದ ಸೆಕೆಂಡಿಗೆ ನಾಲ್ಕೈದು ಸಾವಿರ ಮೀಟರು ಓಡುತ್ತದೆ. ಕಿವಿಗೆ ಕೇಳದ ಶ್ರವಣಾತೀತ ಶಬ್ದ 5 ಮಿಲಿಮೀಟರಿನ ಗೋಡೆಯನ್ನು ಹಾದು ಹಿಂದಿರುಗಲು ಸುಮಾರು ಎರಡು ಮೈಕ್ರೊಸೆಕೆಂಡು ಸಾಕು. ಆ ಕಾಲವನ್ನು ಅಳೆದರೆ ದಪ್ಪ ತಿಳಿಯುತ್ತದೆ. ಕಬ್ಬಿಣದಿಂದ ಕಬ್ಬಿಣಕ್ಕೆ ವೇಗ ಬದಲಾಗುವುದರಿಂದ, ಅಳೆದು ತಿಳಿದ ದಪ್ಪದ ಮೇಲೆ ಉಪಕರಣವನ್ನು ಮೊದಲು ಹೊಂದಿಸಿಕೊಳ್ಳಬೇಕು.

ಅಳತೆ ಎಂಬ ಅಗ್ಗದ ಭಾಗ

ಇನ್ನು ಕೆಲವು ಲಾಭಗಳಿಗೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ದಂಡದ ಮಧ್ಯರೇಖೆಯಿಂದ 10 ಸೆಂಟಿಮೀಟರು ದೂರದಲ್ಲಿ ಒಂದೇ ಒಂದು ಗ್ರಾಮು ಸಮತೋಲ ತಪ್ಪಿದರೂ 7000 ಸುತ್ತಿನಲ್ಲಿ ಅದು 54 ನ್ಯೂಟನ್, ಎಂದರೆ ಐದೂವರೆ ಕಿಲೊಗ್ರಾಮಿನ ತೂಕದಷ್ಟು ಬಲದಿಂದ ಬೇರಿಂಗುಗಳನ್ನು ಬಡಿಯುತ್ತದೆ. ಎಂಟು ಪಿಸ್ಟನುಗಳನ್ನೂ ತಕ್ಕಡಿಯಲ್ಲಿಟ್ಟು ತೂಕ ಸರಿಗೊಳಿಸುವುದು, ಕ್ರ್ಯಾಂಕನ್ನು ಸಮತೋಲಗೊಳಿಸುವುದು ಇದಕ್ಕಾಗಿ. ದಂಡಕ್ಕೂ ಬೇರಿಂಗಿಗೂ ನಡುವೆ ಎಣ್ಣೆಯ ಪದರಕ್ಕೆ ಬಿಡುವ ಸಂದು, ದಂಡದ ವ್ಯಾಸದ ಸಾವಿರದ ಒಂದು ಪಾಲು ಎಂಬುದು ಹಳೆಯ ವಾಡಿಕೆಯ ಲೆಕ್ಕ, 2.1 ಅಂಗುಲದ ದಂಡಕ್ಕೆ ಅದು 0.053 ಮಿಲಿಮೀಟರು. ತಲೆಗೂದಲಿನ ದಪ್ಪದ ಈ ಸಂದನ್ನು ಮೈಕ್ರೊಮೀಟರಿನಿಂದ ಅಳೆದವನ ಹಳೆಯ ಎಂಜಿನು, ಅಳೆಯದವನ ಹೊಸ ಎಂಜಿನಿಗಿಂತ ಬಹುಕಾಲ ಬಾಳುತ್ತದೆ.

ರಸಾಯನಶಾಸ್ತ್ರದ ಪ್ರಯೋಗಶಾಲೆಯ ಬ್ಯುರೆಟ್ಟಿಗೂ ಇಲ್ಲಿ ಕೆಲಸವುಂಟು. ಸಿಲಿಂಡರು ಹೆಡ್ಡಿನ ದಹನಕೋಶವನ್ನು ತೂತುಳ್ಳ ಪಾರದರ್ಶಕ ಹಲಗೆಯಿಂದ ಮುಚ್ಚಿ, ಬ್ಯುರೆಟ್ಟಿನಿಂದ ದ್ರವವನ್ನು ತುಂಬಿ ಗಾತ್ರವನ್ನು ಅಳೆಯುತ್ತಾರೆ. 350ರ ಒಂದೊಂದು ಸಿಲಿಂಡರಿನ ಗಾತ್ರ 717 ಘನ ಸೆಂಟಿಮೀಟರು. ಪಿಸ್ಟನು ಮೇಲ್ತುದಿಯಲ್ಲಿರುವಾಗ ಅದರ ಮೇಲೆ ಉಳಿಯುವ ಜಾಗವೆಲ್ಲ ಸೇರಿ 71.7 ಆದರೆ ಸಂಪೀಡನ ಪ್ರಮಾಣ 11. ಆದರ್ಶ ಚಕ್ರದ ಸೂತ್ರದಂತೆ ಈ ಪ್ರಮಾಣ 9ರಿಂದ 11ಕ್ಕೆ ಏರಿದರೆ ದಕ್ಷತೆ ನೂರಕ್ಕೆ ಐದೂವರೆಯಷ್ಟು ಹೆಚ್ಚುತ್ತದೆ. 11ರಿಂದ 13ಕ್ಕೆ ಏರಿದರೆ ನಾಲ್ಕರಷ್ಟು ಮಾತ್ರ. ಲಾಭ ಕುಗ್ಗುತ್ತ ಹೋಗುತ್ತದೆ. ಇತ್ತ ಪೆಟ್ರೋಲಿನ ಆವಿ ಕಿಡಿಯ ಅಲೆ ತಲಪುವ ಮೊದಲೇ ತಾನಾಗಿ ಸಿಡಿದು ಪಿಸ್ಟನನ್ನು ಕುಟ್ಟುವ ಅಪಾಯ ಬೆಳೆಯುತ್ತ ಹೋಗುತ್ತದೆ. ಎಂಟು ಕೋಶಗಳೂ ಸಮನಾಗಿದ್ದರೆ ಆ ಅಂಚಿನ ಸಮೀಪಕ್ಕೆ ಧೈರ್ಯವಾಗಿ ಹೋಗಬಹುದು. ಒಂದೊಂದು ಒಂದೊಂದು ಬಗೆಯಾಗಿದ್ದರೆ ಅತ್ಯಂತ ಚಿಕ್ಕ ಕೋಶವೇ ಇಡೀ ಎಂಜಿನಿನ ಮಿತಿಯನ್ನು ಗೊತ್ತುಮಾಡುತ್ತದೆ.

ವಾಚಕರಿಗೊಂದು ಲೆಕ್ಕ

400ರ ಬ್ಲಾಕನ್ನು 4.155 ಅಂಗುಲ ವ್ಯಾಸಕ್ಕೆ ಕೊರೆದು, ಅದರಲ್ಲಿ 350ರ ಕ್ರ್ಯಾಂಕನ್ನು ದಪ್ಪನೆಯ ಬೇರಿಂಗುಗಳ ನೆರವಿನಿಂದ ಕೂರಿಸಿದರೆ 377 ಘನ ಅಂಗುಲದ ಎಂಜಿನಾಗುತ್ತದೆ. ಮೇಲಿನ ಮೂರು ಎಂಜಿನುಗಳಷ್ಟೇ ಗಾಳಿಯನ್ನು ಸೆಳೆಯಲು ಅದು ಎಷ್ಟು ಸುತ್ತಬೇಕು? ಪಿಸ್ಟನಿನ ವೇಗೋತ್ಕರ್ಷ ಎಷ್ಟಾಗುತ್ತದೆ? ರಾಡಿನ ಉದ್ದ ಮೊದಲಿನಂತೆಯೇ ಇರಲಿ.

ಉತ್ತರ: ಸುತ್ತು 6500, ವೇಗೋತ್ಕರ್ಷ ಸುಮಾರು 26,700. ಅಗಲವಾದ ಪಿಸ್ಟನಿನ ತೂಕ ತುಸು ಹೆಚ್ಚಿದರೂ ನಾಲ್ಕರಲ್ಲಿಯೂ ಕಡಮೆ ವೇಗೋತ್ಕರ್ಷ ಇದರದೇ. ವ್ಯಾಸ ಹಿರಿದಾದುದರಿಂದ ಅದೇ ಗಾಳಿಗೆ ಪಿಸ್ಟನು ಅಷ್ಟು ಬೇಗ ಓಡಬೇಕಾಗಿಲ್ಲ. ಇಲ್ಲಿ ಬೆಲೆ ತೆರಬೇಕಾದುದು ಬ್ಲಾಕಿಗೆ. ಅದು 1980ಕ್ಕೆ ನಿಂತುಹೋದ ಅದೇ ವಿರಳ ಬ್ಲಾಕು. ಗೋಡೆಯ ದಪ್ಪವನ್ನು ಶಬ್ದದಿಂದ ಅಳೆದು, ಕೊರೆತವನ್ನು ತಾಳಬಲ್ಲದೆಂದು ತಿಳಿದ ಮೇಲೆ ಅದಕ್ಕೆ ಕೊಡುವ ಹಣ ಸಾರ್ಥಕ. ಅಂತಹ ಬ್ಲಾಕು ದೊರೆಯದವನು 383ನ್ನು ಕಟ್ಟಲಿ. ಉಳಿದ ಹಣದಲ್ಲಿ ಹದಿನಾರು ಒಳ್ಳೆಯ ಬೋಲ್ಟುಗಳನ್ನು ಕೊಳ್ಳಲಿ.